ಗಿಡದಲ್ಲೇ ಹಣ್ಣಾದ ಗೊನೆ

ಕಂಕನಾಡಿಯ ಆಸ್ಪತ್ರೆಗೆ ಹೋದಾಗಲೆಲ್ಲ ನನಗೆ ಹೊಸ ಡಾಕ್ಟರು ಸಿಗುತ್ತಾರೆ. ನನ್ನ ಕೆಂಪು ಕಣ್ಣು ನೋಡಿದ ಕೂಡಲೇ ಅವರ ಬಾಯಿಯ ತುದಿಗೆ ಒಂದು ಪ್ರಶ್ನೆ ಬರುತ್ತದೆ. ಕೇಳಲು ಸಂಕೋಚ. ಎದುರಿಗೆ ಕೂತವನು ನಮಾಜಿನ ಟೊಪ್ಪಿ ಹಾಕಿದ ಬ್ಯಾರಿ ಮುದುಕ, ಕುಡಿಯುತ್ತೀರಾ ಎಂದು ಕೇಳುವುದು ಹೇಗೆ? ಅವರ ಕಷ್ಟ ನೋಡಲಾಗದೆ ನಾನೇ ಏನಾದರೊಂದು ಹೇಳಿಬಿಡುತ್ತೇನೆ. ಒಬ್ಬರಿಗೆ, ತೀರಿಹೋದ ಹೆಂಡತಿಯನ್ನು ನೆನೆದು ಅತ್ತು ಹೀಗಾಯಿತು ಎಂದೆ. ಹೆಂಡತಿ ಹೊರಗೆ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿದ್ದಳು. ಇನ್ನೊಬ್ಬರಿಗೆ, ಹುಟ್ಟುವಾಗಲೇ ಹೀಗಿತ್ತು, ಸೂಲಗಿತ್ತಿ ಹೆದರಿ ಓಡಿದ್ದಳು ಎಂದೆ. ಅವರು ಅದನ್ನು ಬರೆದುಕೊಂಡರು.

ನಿಜ ಹೇಳುವ ತ್ರಾಣ ಈಗ ಇಲ್ಲ. ಅದನ್ನು ಹೇಳಲು ಹೊರಟರೆ ಬಾಳೆಹಣ್ಣಿನಿಂದ ಶುರು ಮಾಡಬೇಕು, ಅಂಚೆಚೀಟಿಗೆ ಬರಬೇಕು, ಒಂದು ಮದುವೆ ಮುಗಿಸಬೇಕು. ಅಷ್ಟರಲ್ಲಿ ಡಾಕ್ಟರು ಮುಂದಿನ ನಂಬರು ಕರೆದಾಗಿರುತ್ತದೆ. ನಿಮ್ಮೆದುರು ಕೂತು ಹೇಳಿದರೆ ಯಾರೂ ನನ್ನನ್ನು ಎಬ್ಬಿಸುವುದಿಲ್ಲ.

ಆಗ ನಮ್ಮ ಉಪ್ಪನಿಗೆ, ಅಂದರೆ ನನ್ನ ತಂದೆಗೆ, ಕಂಕನಾಡಿ ಮಾರ್ಕೆಟಿನ ಹಿಂದೆ ಬಾಳೆಕಾಯಿ ಮಂಡಿ ಇತ್ತು. ನದಿ ಬದಿಯ ತೋಟಗಳಿಂದ ಹಸಿರು ಗೊನೆಗಳು ಬರುತ್ತಿದ್ದವು. ಮಂಡಿಯ ಹಿಂಬದಿಯಲ್ಲಿ ಹೊಗೆ ಕೋಣೆ. ಕಿಟಕಿ ಇಲ್ಲ, ಬಾಗಿಲು ಸೊಂಟದಷ್ಟೇ ಎತ್ತರ. ಒಳಗೆ ಗೊನೆಗಳನ್ನು ಜೋಡಿಸಿ, ತೂತು ಮಾಡಿದ ಮಡಕೆಯಲ್ಲಿ ತೆಂಗಿನ ಸಿಪ್ಪೆಗೆ ಕೆಂಡ ಹಾಕಿ, ಊದಿ ಊದಿ ಹೊಗೆ ತುಂಬಿಸಿ, ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಬೇಕು. ಮಣ್ಣು ಒಡೆದು ಬಾಗಿಲು ತೆಗೆಯುವ ಹೊತ್ತಿಗೆ ಒಳಗಿನ ಹಸಿರೆಲ್ಲ ಹಳದಿಗೆ ತಿರುಗಿರುತ್ತದೆ. ಆ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ವಾಸನೆ ಇದೆಯಲ್ಲ, ಬಿಸಿ, ಹೊಗೆ, ಸಿಹಿ ಎಲ್ಲ ಸೇರಿದ್ದು, ಅದಕ್ಕೆ ನಾನು ಬಿದ್ದುಹೋಗಿದ್ದೆ. ಬಾಗಿಲು ತೆಗೆಯುವಾಗ ಎಲ್ಲಿದ್ದರೂ ಓಡಿ ಬರುತ್ತಿದ್ದೆ. ಆದರೆ ಉಪ್ಪ ನನ್ನನ್ನು ಮಡಕೆಯ ಹತ್ತಿರ ಬಿಡುತ್ತಿರಲಿಲ್ಲ. ಗೊನೆ ಹೊರು, ಗೋಣಿ ಒಗೆ, ಗಿರಾಕಿಯ ಹತ್ತಿರ ಮಾತ್ರ ಹೋಗಬೇಡ ಎಂದು ಅಪ್ಪಣೆ.

ಕಾರಣವಿತ್ತು. ಮಂಗಳೂರಿನಲ್ಲಿ ಆ ಕಾಲದಲ್ಲಿ ನನ್ನಷ್ಟು ಜನರನ್ನು ಬೇಸ್ತು ಬೀಳಿಸಿದವರು ಇನ್ನೊಬ್ಬರಿಲ್ಲ. ಇದನ್ನು ಜಂಬಕ್ಕೆ ಹೇಳುವುದಲ್ಲ, ಜಂಬವೂ ಇದೆ ಎನ್ನಿ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಎಂದು ಊರಿನಲ್ಲೆಲ್ಲ ನಂಬಿಕೆ. ನಾನು ಸಿಕ್ಕಿದ ಜೋಡಿ ಹಣ್ಣುಗಳನ್ನೆಲ್ಲ ಕೂಡಿಟ್ಟು, ಹೊಸದಾಗಿ ಮದುವೆಯಾದ ಗಿರಾಕಿಗಳ ಚೀಲದ ತಳಕ್ಕೆ ಸೇರಿಸುತ್ತಿದ್ದೆ. ಒಬ್ಬ ಅತ್ತೆ ಸೊಸೆಯನ್ನು ಕರೆದುಕೊಂಡು ಮಂಡಿಗೇ ಬಂದು ಜಗಳ ಮಾಡಿದಳು. ಕೈಗಾಡಿಗೆ ಹೊಸದಾಗಿ ಸೇರಿದವನನ್ನು ಬಂದರಿನ ಮಂಡಿಗೆ ಕಳಿಸಿ, ಅಲ್ಲಿ ಡೊಂಕಿಲ್ಲದ ನೆಟ್ಟಗಿನ ಬಾಳೆಹಣ್ಣು ಬಂದಿದೆಯಂತೆ, ಒಂದು ಗೊನೆ ತಾ ಎಂದೆ. ಅಲ್ಲಿಯವರು ಅವನನ್ನು ಇನ್ನೊಂದು ಮಂಡಿಗೆ ಕಳಿಸಿದರು. ಪಾಪ, ಸಂಜೆಯ ತನಕ ಊರು ಸುತ್ತಿದ.

ಉಪ್ಪನಿಗೆ ಸಾಕಾಗಿಹೋಯಿತು. ಬಹರೈನಿನಲ್ಲಿ ಅಕ್ಕನ ಗಂಡನ ಅಂಗಡಿ ಇತ್ತು. ಅಲ್ಲಿಗೆ ಕಳಿಸುವುದೆಂದು ತೀರ್ಮಾನವಾಯಿತು. ಹಂಪನಕಟ್ಟೆಯ ಸ್ಟುಡಿಯೋದಲ್ಲಿ ಯಾರದೋ ಕೋಟು ಹಾಕಿಸಿ ನನ್ನ ಪಾಸ್‌ಪೋರ್ಟಿನ ಫೋಟೋ ತೆಗೆಸಿದರು. ನನಗೆ ಹೋಗುವ ಮನಸ್ಸೇ ಇರಲಿಲ್ಲ. ಆ ಊರಿನಲ್ಲಿ ಹೊಗೆ ಕೋಣೆ ಇಲ್ಲ. ಮತ್ತೆ ಗುರುತಿಲ್ಲದ ಜನರ ನಡುವೆ ನಾನು ಯಾರಿಗೆ ಕೀಟಲೆ ಮಾಡುವುದು? ಆದರೆ ಉಪ್ಪನ ಹತ್ತಿರ ಹಾಗೆಲ್ಲ ಹೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಬಂದವರು ಉರ್ವದ ಮಾಷ್ಟ್ರು. ಪುರೋಹಿತರ ಮನೆತನ, ತಮ್ಮಂದಿರು ದೇವಸ್ಥಾನದ ಪೂಜೆ ನೋಡಿಕೊಳ್ಳುತ್ತಿದ್ದರು, ಇವರು ಶಾಲೆ ಹಿಡಿದಿದ್ದರು. ನನಗೂ ಪಾಠ ಹೇಳಿದ್ದಾರೆ. ಅದಕ್ಕೆ ಅವರನ್ನು ದೂರುವುದು ಬೇಡ. ಮಗಳ ಮದುವೆ ನಿಶ್ಚಯವಾಗಿತ್ತು. ಹಣ್ಣು, ಊಟದ ಎಲೆ, ಚಪ್ಪರದ ದ್ವಾರಕ್ಕೆ ಕಟ್ಟಲು ಗೊನೆ ಸಮೇತ ಎರಡು ಬಾಳೆಗಿಡ ಬೇಕೆಂದರು. ಎಲ್ಲ ಹೇಳಿ ಆದ ಮೇಲೂ ಎದ್ದು ಹೋಗಲಿಲ್ಲ. ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದು, ಅದರೊಳಗಿನಿಂದ ಎಣ್ಣೆ ಕಾಗದದಲ್ಲಿ ಮಡಚಿದ ಒಂದು ಅಂಚೆಚೀಟಿಯನ್ನು ಹೊರಗೆ ತೆಗೆದರು.

ಮಾಷ್ಟ್ರಿಗೆ ಅಂಚೆಚೀಟಿಯ ಮರುಳು. ಬಂದರಿನ ಕಾಫಿ ಕಂಪೆನಿಯ ಗುಮಾಸ್ತರನ್ನು ಪೀಡಿಸಿ ಪರದೇಶದ ಲಕೋಟೆಗಳನ್ನು ತರಿಸಿ, ನೀರಲ್ಲಿ ನೆನೆಸಿ, ಚೀಟಿ ಬಿಡಿಸಿ ಅಂಟಿಸುತ್ತಿದ್ದರು. ಇದು ಕ್ರಿಕೆಟ್ ಆಡುವ ದ್ವೀಪಗಳ ಕಡೆಯದು. ಬಾಳೆಯೇ ಅಲ್ಲಿಯವರ ಅನ್ನವಂತೆ, ಹಡಗು ತುಂಬ ಕಳಿಸುತ್ತಾರಂತೆ. ಚಿತ್ರದಲ್ಲಿ ಒಂದು ಬಾಳೆಗಿಡ. ಅದರಲ್ಲಿ ಗೊನೆ. ಗೊನೆಯ ಹಣ್ಣೆಲ್ಲ ಮೇಲಿನಿಂದ ಕೆಳಗಿನ ತನಕ ಅಪ್ಪಟ ಹಳದಿ. ತುದಿಯಲ್ಲಿ ಕೆಂಪು ಪೂಂಬೆ, ಅದೇ ಬಾಳೆಯ ಹೂವಿನ ಮೂತಿ, ತೂಗುತ್ತಿದೆ. ಪಲ್ಯಕ್ಕೆಂದು ನಮ್ಮಲ್ಲಿ ಕಾಯಿ ಕಟ್ಟಿದ ಕೂಡಲೇ ಮುರಿದು ತರುವುದು ಅದನ್ನೇ.

ಉಪ್ಪ ಚೀಟಿಯನ್ನು ದೂರ ಹಿಡಿದು ನೋಡಿದರು.

"ಆ ಊರಲ್ಲಿ ಹೆಂಗಸರು ಇಲ್ವಾ ಮಾಷ್ಟ್ರೇ? ಹಣ್ಣಾಗುವ ವರೆಗೆ ಪೂಂಬೆ ಹಾಗೇ ಬಿಟ್ಟಿದ್ದಾರೆ."

ಮಾಷ್ಟ್ರು ನಗಲಿಲ್ಲ. ದ್ವಾರದ ಗಿಡಗಳು ತನಗೆ ಹೀಗೆಯೇ ಬೇಕು ಎಂದರು. ವಿಷಯ ಏನೆಂದರೆ, ನಿಶ್ಚಿತಾರ್ಥದ ದಿನ ಅವರು ಈ ಚೀಟಿಯನ್ನು ಬೀಗರಿಗೆ ತೋರಿಸಿದ್ದರು. ವರನ ತಂದೆ, ದೊಡ್ಡ ಆಫೀಸಿನಲ್ಲಿದ್ದು ನಿವೃತ್ತರಾದವರು, ನೋಡಿ ನಕ್ಕುಬಿಟ್ಟರಂತೆ. ಚಿತ್ರ ಬರೆದವನು ಬಾಳೆಗಿಡವನ್ನೇ ನೋಡಿದವನಲ್ಲ, ಗಿಡದಲ್ಲಿರುವುದು ಹಸಿರು ಕಾಯಿ, ಹಳದಿ ಆಗುವುದು ಮಂಡಿಯಲ್ಲಿ ಎಂದರಂತೆ. ಒಂದು ದೇಶದ ಸರ್ಕಾರ ಸುಳ್ಳನ್ನು ಅಚ್ಚು ಹಾಕುತ್ತದೆಯೇ ಎಂದು ಮಾಷ್ಟ್ರು. ಮಾತಿಗೆ ಮಾತು ಬೆಳೆದು, ಹಾಗಾದರೆ ಮದುವೆಯ ದಿನ ನಿಮ್ಮ ದ್ವಾರದಲ್ಲಿ ಹಳದಿ ಗೊನೆಯ ಗಿಡ ತೋರಿಸಿ, ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ ಎಂದು ಬೀಗರು.

ಇಬ್ಬರೂ ಹುಟ್ಟಿದಂದಿನಿಂದ ಬಾಳೆಹಣ್ಣು ತಿಂದವರು. ದೇವರ ನೈವೇದ್ಯಕ್ಕೆ ಬಾಳೆಹಣ್ಣು, ಊಟಕ್ಕೆ ಬಾಳೆಎಲೆ, ಮಲ್ಲಿಗೆ ಕಟ್ಟಲು ಬಾಳೆಯ ನಾರು. ಆದರೆ ಗಿಡದಲ್ಲೇ ಹಣ್ಣಾದ ಗೊನೆಯನ್ನು ಇಬ್ಬರೂ ನೋಡಿರಲಿಲ್ಲ. ನಮ್ಮಲ್ಲಿ ಕಾಯಿಯ ಏಣು ತುಂಬಿ ದುಂಡಗಾದದ್ದೇ ಕಡಿದುಬಿಡುತ್ತಾರೆ. ಉಳಿದದ್ದು ಹೊಗೆಯ ಕೆಲಸ. ಹೇಳಬೇಕೆಂದರೆ, ಬಾಳೆಯ ವ್ಯಾಪಾರದಲ್ಲೇ ಬೆಳೆದ ನಾನೂ ನೋಡಿರಲಿಲ್ಲ.

ಉಪ್ಪ ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಗೋಣಿ ಒಗೆಯುತ್ತಿದ್ದ ನಾನು ಮಧ್ಯೆ ಬಾಯಿ ಹಾಕಿದೆ.

"ಆಗ್ತದೆ ಮಾಷ್ಟ್ರೇ. ನಾನು ತಂದುಕೊಡ್ತೇನೆ."

ಮಾಷ್ಟ್ರು ಹೋಗುವ ತನಕ ಉಪ್ಪ ಕಾದರು. ಆಮೇಲೆ ತಮ್ಮ ತೀರ್ಪು ಹೇಳಿದರು. ಮನೆಯಲ್ಲಿ ನಮ್ಮದು ಬ್ಯಾರಿ ಮಾತು, ಕನ್ನಡದಲ್ಲಿ ಹೇಳಿದರೆ ಹೀಗೆ:

"ಮಾಷ್ಟ್ರು ಕೇಳಿದ ಹಾಗೆ ಗಿಡ ನಿಂತರೆ ನೀನು ಇಲ್ಲೇ ಇರು, ಹೊಗೆ ಕೋಣೆ ನಿನಗೆ. ಮದುವೆ ಮನೆಯಿಂದ ಒಂದು ದೂರು ಬಂತೋ, ಮತ್ತೆ ಮಾತಿಲ್ಲ, ಹಡಗು ಹತ್ತು."

ಮಾರನೆಯ ದಿನವೇ ಬೈಕಂಪಾಡಿಗೆ ಹೋದೆ. ಅಲ್ಲಿ ಉಮ್ಮನ, ಅಂದರೆ ನನ್ನ ತಾಯಿಯ, ತಮ್ಮ, ನನ್ನ ಮಾವ, ಹೊಳೆಯ ಬದಿಯಲ್ಲಿ ಬಾಳೆ ಮಾಡಿದ್ದರು. ಈಗ ಆ ಜಾಗದಲ್ಲಿ ಯಾವ ಕಾರ್ಖಾನೆಯ ಗೋಡೆ ಇದೆಯೋ ನನಗೆ ಗುರುತು ಹತ್ತುವುದಿಲ್ಲ. ಆಗ ಬರೀ ಹೊಯಿಗೆ, ಎಂದರೆ ಮರಳು, ಅದರ ಮೇಲೆ ಗಾಳಿಮರ, ಬಾಳೆ. ಗೊನೆ ಕಾಯುವುದೆಂದರೆ ನೆರಳಲ್ಲಿ ಮಲಗುವುದು ಎಂದುಕೊಂಡಿದ್ದೆ. ಮಾವ ಕೈಗೆ ಕೊಡಪಾನ ಕೊಟ್ಟರು.

ಹೊಯಿಗೆಯಲ್ಲಿ ಬಾಳೆ ಸಾಕಿದವನಿಗೆ ಬೇರೆ ಶಿಕ್ಷೆ ಬೇಡ. ಎಷ್ಟು ನೀರು ಹೊಯ್ದರೂ ನೆಲ ಕುಡಿದು ಇನ್ನೂ ಬಾಯಿ ತೆರೆದೇ ಇರುತ್ತದೆ. ಬುಡಕ್ಕೆ ಬೂದಿ, ಕೊಳೆತ ಮೀನು ಹಾಕಬೇಕು. ತಾಯಿ ಗಿಡದ ಸುತ್ತ ಎದ್ದ ಕಂದುಗಳಲ್ಲಿ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಗೆದು ತೆಗೆಯಬೇಕು. ಗೊನೆ ಭಾರವಾದ ಗಿಡಕ್ಕೆ ಅಡಿಕೆ ಸಲಾಕೆಯ ಊರುಗೋಲು ಕೊಡಬೇಕು. ಬಾಳೆಯ ಕಲೆಯಿಂದ ನನ್ನ ಅಂಗಿಗಳೆಲ್ಲ ಕಪ್ಪಾದವು. ಕೆಲಸ ಮುಗಿಸಿ ಕೂತರೆ ಏಳಲು ಸೊಂಟ ಒಪ್ಪುತ್ತಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ, ಯಾರಿಗೂ ಕೀಟಲೆ ಮಾಡದೆ ವಾರಗಳು ಕಳೆದವು. ಮಾಡಲು ಶಕ್ತಿ ಇರಲಿಲ್ಲ.

ಎರಡು ಗಿಡಗಳನ್ನು ಆರಿಸಿ, ಮಾವನ ಕಾಲು ಹಿಡಿದು ಪೂಂಬೆ ಮುರಿಯದ ಹಾಗೆ ನೋಡಿಕೊಂಡಿದ್ದೆ. ಅತ್ತೆ ದಿನವೂ ಅವನ್ನು ನೋಡಿ, ಪಲ್ಯ ಗಿಡದಲ್ಲೇ ಒಣಗುತ್ತಿದೆ ಎಂದು ಗೊಣಗುತ್ತಿದ್ದಳು. ಕೊನೆಗೂ ಒಂದು ಬೆಳಿಗ್ಗೆ ಮೊದಲನೆಯ ಗೊನೆಯ ಮೇಲಿನ ಚಿಪ್ಪು ಹಳದಿಯಾಗಿತ್ತು. ನಾನು ಕುಣಿದುಬಿಟ್ಟೆ. ಅಂಚೆಚೀಟಿ ಸುಳ್ಳಲ್ಲ, ಮಾಷ್ಟ್ರು ಗೆದ್ದರು, ನಾನು ಹಡಗು ಹತ್ತುವುದಿಲ್ಲ.

ಆದರೆ ಮೇಲಿನ ಚಿಪ್ಪು ಹಣ್ಣಾದರೂ ಕೆಳಗಿನದು ಕಲ್ಲಿನ ಹಾಗೆ ಹಸಿರು. ಕೆಳಗಿನದಕ್ಕೆ ಬಣ್ಣ ಬರಲಿ ಎಂದು ಕಾದರೆ ಮೇಲಿನದು ಸಿಪ್ಪೆ ಸೀಳಿ ಬಾಯಿ ಬಿಟ್ಟಿತು. ಸೀಳಿದ ಕಡೆ ಇರುವೆ ಸಾಲು ಹತ್ತಿತು. ಹಗಲು ಅಳಿಲು ಬಂದವು, ಮುಸ್ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಬಾವಲಿಗಳು. ಗೋಣಿ ಸುತ್ತಿದೆ, ಡಬ್ಬ ಬಡಿದೆ, ಉಪಯೋಗವಾಗಲಿಲ್ಲ. ಎರಡನೆಯ ಗೊನೆಯದೂ ಅದೇ ಕತೆ. ಗಿಡದಲ್ಲಿ ಹಣ್ಣಾಗುತ್ತದೆ ಎಂಬುದು ನಿಜ, ಆದರೆ ಆ ನಿಜವನ್ನು ಮದುವೆ ಮನೆಯ ದ್ವಾರದಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಅರ್ಧ ತಿಂದ, ಅರ್ಧ ಹಸಿರಿನ, ಇರುವೆ ಮುತ್ತಿದ ಗೊನೆಯನ್ನು ಯಾವ ದೇಶದವನು ಅಂಚೆಚೀಟಿಯಲ್ಲಿ ಹಾಕುತ್ತಾನೆ?

ಮದುವೆ ಹತ್ತಿರ ಬಂದಿತ್ತು. ಸುಸ್ತಾಗಿ ಹೊಯಿಗೆಯಲ್ಲಿ ಕೂತಿದ್ದಾಗ ನನಗೆ ನನ್ನ ಹಳೆಯ ಬುದ್ಧಿ ವಾಪಸು ಬಂತು. ನಿಜ ಕೈ ಕೊಟ್ಟಾಗ ಕೈ ಹಿಡಿಯುವುದು ಅದೊಂದೇ.

ಉಪ್ಪ ಸಂತೆಗೆ ಹೋದ ದಿನ ನೋಡಿ, ಮಂಡಿಯಲ್ಲಿ ಕೆಲಸ ಮಾಡುವವರಿಗೆ ಹಲ್ಲು ಗಿಂಜಿ, ಎರಡು ಚಂದದ ಗೊನೆಗಳನ್ನು ಹೊಗೆ ಕೋಣೆಯಲ್ಲಿ ಇಡಿಸಿದೆ. ಮಡಕೆ ಊದಿದವನು ನಾನೇ. ಬಾಗಿಲು ತೆಗೆದಾಗ ಆ ಬಣ್ಣ ನೋಡಬೇಕಿತ್ತು. ಚೀಟಿಯ ಹಳದಿಯೇ ಪೇಲವ ಎನ್ನಬೇಕು. ಇತ್ತ ಮಾವನ ತೋಟದಿಂದ ಎರಡು ಹೊಸ ಗಿಡ ಕಡಿದು, ದೋಣಿಯಲ್ಲಿ ಬೋಳೂರಿನ ಕಡವಿಗೆ ತಂದು, ಅಲ್ಲಿಂದ ಉರ್ವಕ್ಕೆ ಹೊತ್ತೆವು. ಗಿಡದ ಹಸಿರು ಗೊನೆಯನ್ನು ಕಡಿದು, ದಿಂಡಿಗೆ ಬಿದಿರಿನ ಗೂಟ ಬಡಿದು, ಅದಕ್ಕೆ ಹೊಗೆಯ ಗೊನೆಯನ್ನು ಚುಚ್ಚಿ ನಿಲ್ಲಿಸಿದೆ. ಬೆಸುಗೆಯ ಮೇಲೆ ಒಣ ಬಾಳೆಪಟ್ಟೆ ಸುತ್ತಿದೆ. ಕೆಳತುದಿಗೆ ಇನ್ನೊಂದು ಗಿಡದ ಕೆಂಪು ಪೂಂಬೆ.

ಒಂದು ತೊಂದರೆ ಇತ್ತು. ಹಣ್ಣಾದ ಗೊನೆ ಬಿಸಿಲಿಗೆ ನಿಂತರೆ ಹಣ್ಣು ಒಂದೊಂದಾಗಿ ತೊಟ್ಟು ಕಳಚುತ್ತದೆ. ಅದಕ್ಕೆಂದು ಮೊದಲೇ ಮನೆಯಲ್ಲಿ ಉಮ್ಮ ನನ್ನ ಜೊತೆ ಕೂತು, ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಪ್ರತಿಯೊಂದು ಹಣ್ಣನ್ನೂ ಗೊನೆಯ ದಿಂಡಿಗೆ ಬಿಗಿದಿದ್ದಳು. ಉಪ್ಪನಿಗೆ ಹೇಳಬೇಡ ಎಂದು ನಾನು ಹೇಳುವ ಮೊದಲೇ ಅವಳು ಅದನ್ನೇ ನನಗೆ ಹೇಳಿದಳು.

ಮದುವೆಯ ಬೆಳಿಗ್ಗೆ ಆ ಗಿಡಗಳು ನಿಂತ ಚಂದವನ್ನು ನಾನೇ ಹೇಳಬೇಕು, ನೋಡಿದವರು ಯಾರೂ ಈಗ ಉಳಿದಿಲ್ಲ. ದಾರಿಹೋಕರು ಸೈಕಲಿನಿಂದ ಇಳಿದು ನೋಡಿದರು. ಮಾಷ್ಟ್ರು ಕನ್ನಡಕದ ಪೆಟ್ಟಿಗೆಯಿಂದ ಚೀಟಿ ತೆಗೆದು ಹೋಲಿಸಿ ನೋಡಿ, ಮತ್ತೆ ಹೋಲಿಸಿ ನೋಡಿ, ನನ್ನ ಬೆನ್ನು ತಟ್ಟಿದರು. ಶಾಲೆಯಲ್ಲಿ ಆ ಬೆನ್ನಿಗೆ ಅವರು ಕೊಟ್ಟದ್ದೇ ಬೇರೆ.

ದಿಬ್ಬಣ ಬಂತು. ಬೀಗರು ದ್ವಾರದಲ್ಲಿ ನಿಂತು ತಲೆ ಎತ್ತಿದರು. ಅವರ ಹಿಂದೆ ದಿಬ್ಬಣವೇ ನಿಂತಿತು, ವಾದ್ಯದವರು ನಿಂತಲ್ಲೇ ನುಡಿಸಿದರು. ಮುಹೂರ್ತ ಮೀರುತ್ತದೆ ಎಂದು ಯಾರೋ ಎಳೆದುಕೊಂಡು ಹೋದರು, ನಾನು ಬದುಕಿದೆ. ಆಮೇಲೆ ನಾನು ಗಿಡದ ಬುಡ ಬಿಟ್ಟು ಕದಲಲಿಲ್ಲ. ಬಿಸಿಲು ಏರಿತು. ನಾರು ಬಿಗಿದರೂ ಒಂದು ಹಣ್ಣು ಜಾರಿ ಬಿತ್ತು, ಹೆಗಲ ಮೇಲಿನ ಬೈರಾಸಿನಲ್ಲಿ ಹಿಡಿದು ತಿಂದೆ. ಇನ್ನೊಂದು ಬಿತ್ತು, ಅದನ್ನೂ ತಿಂದೆ. ಹಾಗೆ ಸಾಕ್ಷಿಯನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತ ಕೂತಿದ್ದಾಗ ಉಪ್ಪ ಊಟದ ಎಲೆಯ ಕಟ್ಟುಗಳನ್ನು ಗಾಡಿಯಲ್ಲಿ ತಂದರು. ಗೊನೆಯ ಕೆಳಗೆ ಹಾದುಹೋಗುವಾಗ ಒಂದೇ ಸಲ ಮೂಗು ಎಳೆದರು. ನನ್ನ ಕಡೆ ನೋಡಲಿಲ್ಲ.

ಧಾರೆ ಮುಗಿದು ಒಳಗೆ ಹೋಮ ನಡೆಯುತ್ತಿರುವಾಗ ಬೀಗರು ಮಾಷ್ಟ್ರನ್ನು ಕರೆದುಕೊಂಡು ಹೊರಗೆ ಬಂದರು. ಹಿಂದೆಯೇ ಎರಡೂ ಕಡೆಯ ಗಂಡಸರು. ಬೀಗರು ಗಿಡಕ್ಕೆ ಒಂದು ಸುತ್ತು ಬಂದರು. ಕೈ ಎತ್ತಿ ಒಂದು ಹಣ್ಣು ಕಿತ್ತರು, ಸುಲಿದರು, ಬಾಯಿಗೆ ಹಾಕಿದರು, ನಿಧಾನಕ್ಕೆ ಜಗಿದರು.

"ಹೊಗೆ ವಾಸನೆ ಉಂಟಲ್ಲ," ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಉಪ್ಪ ಎಲೆಯ ಕಟ್ಟು ಇಳಿಸುವುದನ್ನು ನಿಲ್ಲಿಸಿದ್ದರು. ಮಾಷ್ಟ್ರ ಮುಖ ಬಿಳಿಚಿತ್ತು. ನಾನು ಎದ್ದು ನಿಂತೆ.

"ಒಳಗೆ ಹೋಮ ಆಗ್ತಾ ಉಂಟು ಸ್ವಾಮಿ. ಗಾಳಿ ಸಹ ಈ ಕಡೆಗೇ. ಪಾಪದ ಗಿಡ ಎಂತ ಮಾಡುದು?"

ಯಾರೋ ಮುಸಿಮುಸಿ ನಕ್ಕರು. ಈ ಉತ್ತರವನ್ನು ನಾನು ಮೊದಲೇ ಯೋಚಿಸಿಟ್ಟಿದ್ದೆ ಎಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹಾಗೇ ಇರಲಿ. ಆದರೆ ಬೀಗರು ನಗಲಿಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ಮೇಲೆ ಎತ್ತಿದರು. ಅದರ ತೊಟ್ಟಿನಿಂದ ಉಮ್ಮ ಕಟ್ಟಿದ ನಾರು ಉದ್ದಕ್ಕೆ ಜೋತಾಡುತ್ತಿತ್ತು.

"ನಾರು ಕಟ್ಟಿದ್ದು ಸಹ ಹೋಮದ ಹೊಗೆಯಾ ಮಾರಾಯ?"

ಅಲ್ಲಿಗೆ ನನ್ನ ಸರಕು ಮುಗಿದಿತ್ತು. ಪರರ ಕೋಟು ಹಾಕಿದ ನನ್ನ ಫೋಟೋ ಕಣ್ಣೆದುರು ಬಂತು. ಆಗ ಹಿಂದಿನಿಂದ ಉಪ್ಪನ ಸ್ವರ ಕೇಳಿತು. ಎಲೆಯ ಕಟ್ಟನ್ನು ತೋಳಲ್ಲಿ ಅಪ್ಪಿಕೊಂಡೇ, ಗಿರಾಕಿಗೆ ಗೊನೆಯ ತೂಕ ಹೇಳುವ ಅದೇ ಸ್ವರದಲ್ಲಿ ಹೇಳಿದರು:

"ಅದು ದೃಷ್ಟಿಗೆ ಕಟ್ಟಿದ್ದು ಸ್ವಾಮಿ. ಇಂಥ ಗೊನೆ ಊರವರು ನೋಡಿದವರಲ್ಲ. ಕಣ್ಣು ಬೀಳುದು ಬೇಡ ಅಂತ ಮನೆಯಲ್ಲಿ ಹೆಂಗಸರು ಒಂದೊಂದು ಹಣ್ಣಿಗೂ ಕಟ್ಟಿದ್ದು."

ನಮ್ಮ ಉಪ್ಪ ಸುಳ್ಳು ಹೇಳಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ, ಆಮೇಲೆಯೂ ಕೇಳಲಿಲ್ಲ. ಒಂದೇ ಸಲ ಹೇಳಿದರು, ನನ್ನ ಆಯುಷ್ಯದ ಸುಳ್ಳುಗಳನ್ನೆಲ್ಲ ಒಟ್ಟುಗೂಡಿಸಿದರೂ ಅದಕ್ಕೆ ಸಮ ಬರುವುದಿಲ್ಲ.

ಬೀಗರು ಉಪ್ಪನನ್ನು ನೋಡಿದರು, ಮಾಷ್ಟ್ರ ಬಿಳಿಚಿದ ಮುಖವನ್ನು ನೋಡಿದರು. ಒಳಗಿನಿಂದ ಮಂತ್ರ ಕೇಳಿಸುತ್ತಿತ್ತು, ಅವರ ಮಗ ಮತ್ತು ಸೊಸೆ ಹೋಮದ ಮುಂದೆ ಕೂತಿದ್ದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಅಂಚೆಚೀಟಿಯಲ್ಲಿ ಸುಳ್ಳಿಲ್ಲ, ನಾನು ಸೋತೆ ಎಂದರು. ಮಾಷ್ಟ್ರ ಕೈ ಹಿಡಿದು ಕುಲುಕಿದರು. ಒಳಗೆ ಹೋಗುವಾಗ ನನ್ನ ಪಕ್ಕ ನಿಂತು ನಾರನ್ನು ನನ್ನ ಅಂಗೈಯಲ್ಲಿಟ್ಟು, ಮೆಲ್ಲಗೆ ಕೇಳಿದರು:

"ಆ ದ್ವೀಪದವರು ಸಹ ನಾರು ಕಟ್ಟಿಯೇ ಚಿತ್ರ ಬರೆಸಿದ್ದೋ ಏನೋ, ಅಲ್ವಾ?"

ಊಟ ನಮಗೆ ಚಪ್ಪರದ ಹೊರಗೆ, ತೆಂಗಿನ ಬುಡದಲ್ಲಿ, ಆದರೆ ತುದಿ ಕಡಿಯದ ಮರ್ಯಾದೆಯ ಕೊಡಿ ಎಲೆಯಲ್ಲೇ ಬಡಿಸಿದರು. ನನಗೆ ಪಾಯಸ ಇಳಿಯಲಿಲ್ಲ, ಹೊಟ್ಟೆಯಲ್ಲಿ ಬಾಳೆಹಣ್ಣು ತುಂಬಿತ್ತು. ಉಪ್ಪ ಎಲೆ ಖಾಲಿ ಮಾಡಿ ಎದ್ದರು. ಖಾಲಿ ಗಾಡಿಯ ಹಿಂದೆ ನಡೆಯುತ್ತ ಕಂಕನಾಡಿ ಮುಟ್ಟುವಾಗ ಹೇಳಿದರು.

"ಹೊಗೆ ಹೆಚ್ಚಾಗಿದೆ. ಮಡಕೆಗೆ ಅಷ್ಟು ಸಿಪ್ಪೆ ಹಾಕುದಲ್ಲ. ಬೆಳಿಗ್ಗೆ ಬಾ, ತೋರಿಸ್ತೇನೆ."

ಹಾಗೆ ನಾನು ಗೆದ್ದೆ. ಬೆಳಿಗ್ಗೆ ಹೋದೆ, ಮರುದಿನವೂ ಹೋದೆ, ಮತ್ತೆ ಹೋಗದ ಬೆಳಿಗ್ಗೆ ಇರಲಿಲ್ಲ. ಚೌತಿಗೆ ಹಣ್ಣು, ನಮ್ಮ ಈದಿನ ಪೆರ್ನಾಲಿಗೆ ಹಣ್ಣು, ಕ್ರೈಸ್ತರ ಹಬ್ಬಕ್ಕೆ ಹಣ್ಣು. ಎಲ್ಲರ ದೇವರೂ ಬೇರೆ ಬೇರೆ ದಿನ ಕೇಳುತ್ತಾರೆ, ಊದುವ ಬಾಯಿ ಮಾತ್ರ ಒಂದೇ. ಬಗ್ಗಿ ಬಗ್ಗಿ ಆ ಬಾಗಿಲಿನ ಎತ್ತರಕ್ಕೇ ನನ್ನ ಬೆನ್ನು ನಿಂತುಬಿಟ್ಟಿತು, ಊದಿ ಊದಿ ಕಣ್ಣಿನ ಕೆಂಪು ಇಳಿಯದೆ ಹೋಯಿತು. ನನ್ನ ಬದಲು ಬಹರೈನಿಗೆ ತಮ್ಮ ಹೋದ. ಊರಿಗೆ ಬಂದಾಗಲೆಲ್ಲ ಅತ್ತರು ಪೂಸಿಕೊಂಡು ನನ್ನ ಪಕ್ಕ ಕೂತು, ನಿನ್ನ ಬಳಿ ಕೂತರೆ ಹಸಿವಾಗುತ್ತದೆ ಮಾರಾಯ ಎನ್ನುತ್ತಿದ್ದ. ನಾನು ಅವನ ಸೂಟ್‌ಕೇಸಿನ ತಳಕ್ಕೆ ಜೋಡಿ ಬಾಳೆಹಣ್ಣು ಇಟ್ಟು ಕಳಿಸುತ್ತಿದ್ದೆ.

ಮದುವೆಯ ಮರುದಿನ ಮಾಷ್ಟ್ರು ಆ ಅಂಚೆಚೀಟಿಯನ್ನು ನನಗೇ ಕೊಟ್ಟರು. ತಮಗೆ ಇನ್ನು ಅದರ ಅಗತ್ಯವಿಲ್ಲ, ಕಣ್ಣಾರೆ ನೋಡಿದ್ದಾಯಿತು ಎಂದರು. ಅವರು ತೀರಿಕೊಳ್ಳುವ ತನಕ ಹಾಗೆಯೇ ನಂಬಿದ್ದರು. ಬೀಗರೂ ಗುಟ್ಟು ಬಿಟ್ಟುಕೊಡಲಿಲ್ಲ, ನಾನೂ. ಚೀಟಿಯನ್ನು ಹೊಗೆ ಕೋಣೆಯ ಒಳಗೆ, ಬಾಗಿಲ ಮೇಲಿನ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದೆ, ಅದರ ಪಕ್ಕ ಕೋಟು ಹಾಕಿದ ನನ್ನ ಫೋಟೋ.

ಈಗ ಮಂಡಿ ನೋಡಿಕೊಳ್ಳುವುದು ಮಗ. ಹಣ್ಣು ಮಾಡಲು ಅವನಿಗೆ ಹೊಗೆ ಬೇಡ, ಏನೋ ಪುಡಿ ಇದೆ. ಕೋಣೆಯಲ್ಲಿ ಖಾಲಿ ಕ್ರೇಟು ಪೇರಿಸಿದ್ದಾನೆ. ಮಧ್ಯಾಹ್ನ ಹೊತ್ತು ಹೋಗದಿದ್ದರೆ ನಾನು ಅಲ್ಲಿ ಹೋಗಿ ಕೂರುತ್ತೇನೆ. ಚೀಟಿ ಪೂರ್ತಿ ಕಪ್ಪಾಗಿದೆ. ಗಿಡ ಎಲ್ಲಿ, ಗೊನೆ ಎಲ್ಲಿ ಎಂದು ನನಗೆ ಗೊತ್ತಿರುವುದರಿಂದ ತೋರಿಸಬಲ್ಲೆ, ಬೇರೆಯವರಿಗೆ ಕಾಣಿಸುವುದಿಲ್ಲ. ಫೋಟೋದಲ್ಲಿ ಕೋಟೂ ಗೋಡೆಯೂ ಒಂದೇ ಬಣ್ಣ. ಎರಡು ಬಿಳಿ ಕಣ್ಣುಗಳು ಮಾತ್ರ ಅಷ್ಟಿಷ್ಟು ಕಾಣುತ್ತವೆ.

ಮುಂದಿನ ಸಲ ಡಾಕ್ಟರು ಕೇಳಲು ಹೆದರಿದರೆ, ಕುಡಿಯುತ್ತೇನೆ ಎಂದೇ ಹೇಳಿಬಿಡುವುದು ಎಂದುಕೊಂಡಿದ್ದೇನೆ. ಹೆಂಡತಿ ಬೇಡ ಎನ್ನುತ್ತಾಳೆ. ಬಾಗಿಲು ತೆಗೆದಾಗಿನ ಆ ವಾಸನೆ ಈಗಲೂ ಮಳೆಗಾಲದಲ್ಲಿ ಆ ಗೋಡೆಯಿಂದ ಸ್ವಲ್ಪ ಬರುತ್ತದೆ. ಅಷ್ಟಕ್ಕೇ ಏಳಲು ಮನಸ್ಸಾಗದೆ ಕೂತುಬಿಡುತ್ತೇನೆ. ಊಟಕ್ಕೆ ಕರೆಯಲು ಯಾರಾದರೂ ಬರುತ್ತಾರೆ.